ಹೈನಿಖ್ ಕಾಡಿನಲ್ಲಿ ಬಿದ್ದ ಮರ ಅಳೆದ ಅನುಭವ

ಬೀಚ್ ಅಂದರೆ ಯುರೋಪಿನ ಎಲೆ ಉದುರುವ ಒಂದು ದೊಡ್ಡ ಮರ. ಹಳೆಯ ಬೀಚ್ ಕಾಡಿಗೆ ಹೋದವರೆಲ್ಲ ತಲೆಯೆತ್ತಿ ನೋಡುತ್ತಾರೆ. ಜರ್ಮನಿಯ ಥುರಿಂಗಿಯಾದಲ್ಲಿರುವ ಹೈನಿಖ್ ರಾಷ್ಟ್ರೀಯ ಉದ್ಯಾನದಲ್ಲಿ ನನಗೆ ಸಿಕ್ಕಿದ್ದು ನೆಲ ನೋಡುವ ಕೆಲಸ. ಓದಿನ ಭಾಗವಾಗಿ, ಅನುಮತಿ ಪಡೆದು, ಸತ್ತು ಬಿದ್ದ ಮರಗಳನ್ನು ಅಳೆಯುತ್ತಿದ್ದೆವು.

ಇದು ಯಾರೂ ಕಾಲಿಡದ ಕಾಡೇನಲ್ಲ. ಸುತ್ತಲಿನ ಊರವರು ಬಲಿತ ಮರಗಳನ್ನು ಒಂದೊಂದಾಗಿ ಆರಿಸಿ ಕಡಿಯುತ್ತಿದ್ದರು. ಆಮೇಲೆ ಸೇನೆ ಬಂತು. 1935ರಲ್ಲಿ ಕಿಂಡೆಲ್ ಕಡೆ, 1964ರಲ್ಲಿ ವೇಬರ್‌ಶ್ಟೆಟ್ ಕಡೆ ತರಬೇತಿ ಮೈದಾನಗಳಾದವು. ಅದಕ್ಕಾಗಿ ಒಂದಷ್ಟು ಕಾಡು ಹೋಯಿತು, ನಿಜ. ಆದರೆ ಜನ ಹೋಗದ ಜಾಗದಲ್ಲಿ ಮರಗಳು ದಶಕಗಟ್ಟಲೆ ತಮ್ಮಷ್ಟಕ್ಕೆ ಬೆಳೆದವು, ತಮ್ಮಷ್ಟಕ್ಕೆ ಬಿದ್ದವು. 1997ರ ಡಿಸೆಂಬರ್ 31ರಂದು ಸುಮಾರು 7,500 ಹೆಕ್ಟೇರ್ ರಾಷ್ಟ್ರೀಯ ಉದ್ಯಾನವಾಯಿತು. ಅದರ ಒಂದು ಭಾಗ 2011ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಸಿಡಿಯದ ಮದ್ದುಗುಂಡು ಕೆಲವೆಡೆ ಇನ್ನೂ ಮಣ್ಣಿನಲ್ಲಿರಬಹುದು. ಹಾಗಾಗಿ ಅಳೆಯುವ ಜಾಗ ಗುರುತಿಸಲು ಸಿಕ್ಕಲ್ಲೆಲ್ಲ ಗೂಟ ಹೊಡೆಯುವಂತಿಲ್ಲ.

ಅಳತೆಗೆ ಬೇಕಾದದ್ದು ಟೇಪು, ದಪ್ಪ ಅಳೆಯುವ ದೊಡ್ಡ ಇಕ್ಕಳದಂಥ ಕ್ಯಾಲಿಪರ್, ಒಂದು ಚಾಕು. ದಿಮ್ಮಿಯ ಉದ್ದ ಹಿಡಿದು, ನಡುಭಾಗದ ದಪ್ಪ ನೋಡಬೇಕು. ಆ ನಡುಭಾಗದ ಅಡ್ಡ ಕೊಯ್ತದ ವಿಸ್ತೀರ್ಣವನ್ನು ಉದ್ದದಿಂದ ಗುಣಿಸಿದರೆ ಗಾತ್ರ ಸಿಗುತ್ತದೆ. ಕೊಳೆತು ಚಪ್ಪಟೆಯಾದ ದಿಮ್ಮಿಗೆ ಕ್ಯಾಲಿಪರನ್ನು ಎರಡು ದಿಕ್ಕಿನಲ್ಲಿ ಹಿಡಿದು ಸರಾಸರಿ ತೆಗೆಯುತ್ತಿದ್ದೆ. ಆಮೇಲೆ ಚಾಕು ಚುಚ್ಚಿ ನೋಡುವುದು. ತುದಿಯಷ್ಟೇ ಹೋದರೆ ಮರ ಇತ್ತೀಚೆಗೆ ಬಿದ್ದದ್ದು. ಹಿಡಿಯವರೆಗೆ ಇಳಿದರೆ ಅದು ಮಣ್ಣಾಗುವ ಹಂತದಲ್ಲಿದೆ. ಬೀಚ್ ಬೇಗ ಕೊಳೆಯುವ ಮರ, ಕೆಲವೇ ದಶಕ ಸಾಕು. ಒಂದೇ ಜಾಗದಲ್ಲಿ ಎಲ್ಲ ಹಂತದ ದಿಮ್ಮಿಗಳೂ ಸಿಕ್ಕರೆ, ಅಲ್ಲಿಂದ ಬಹುಕಾಲ ಯಾರೂ ಮರ ಸಾಗಿಸಿಲ್ಲ ಅಂತ ಅರ್ಥ. ನಿಂತ ಮರದ ಸುತ್ತಳತೆ ಇಷ್ಟು ಹೇಳುವುದಿಲ್ಲ. ಫಲವತ್ತಾದ ನೆಲದಲ್ಲಿ ಎಳೆಯ ಮರವೂ ದಪ್ಪಗಾಗುತ್ತದೆ, ಅಲ್ವಾ?

ನನಗೆ ತುಂಬ ಇಷ್ಟವಾದದ್ದು ಅಣಬೆಗಳು. ಕುದುರೆ ಗೊರಸಿನಂಥ ಗಟ್ಟಿ ಅಣಬೆ ಮರ ನಿಂತಿರುವಾಗಲೇ ಹತ್ತುತ್ತದೆ. ಮರ ಬಿದ್ದು ಕಾಂಡ ಅಡ್ಡವಾದ ಮೇಲೂ ಅದು ಬೆಳೆಯುತ್ತಿದ್ದರೆ ಅದರ ತಳ ಮತ್ತೆ ನೆಲದ ಕಡೆಗೇ ತಿರುಗುತ್ತದೆ. ಒಂದೇ ದಿಮ್ಮಿಯಲ್ಲಿ ಎರಡು ದಿಕ್ಕಿನ ಅಣಬೆ ಕಂಡರೆ, ಅದು ನಿಂತಾಗಲೂ ಬಿದ್ದಮೇಲೂ ಅಣಬೆಗೆ ಊಟ ಕೊಟ್ಟಿದೆ. ಕಪ್ಪು ಮರಕುಟಿಗ ಕೊರೆದ ಪೊಟರೆಗಳಲ್ಲಿ ಆಮೇಲೆ ಕಾಡುಪಾರಿವಾಳ, ಗೂಬೆ ಸಂಸಾರ ಹೂಡುತ್ತವೆ. ಇವನ್ನೂ ಬರೆದುಕೊಳ್ಳಲೇಬೇಕು.

ಕೆಲಸಕ್ಕೆ ಎಲೆ ಚಿಗುರುವ ಮುಂಚಿನ ದಿನಗಳೇ ಒಳ್ಳೆಯದು. ಬೇಸಿಗೆಯಲ್ಲಿ ಬೀಚ್ ನೆರಳು ಎಷ್ಟು ದಟ್ಟ ಅಂದರೆ ನೆಲಕ್ಕೆ ತಲುಪುವ ಬೆಳಕು ಬಹಳ ಕಡಿಮೆ. ಅದಕ್ಕೇ ಕಾಡು ಬೆಳ್ಳುಳ್ಳಿ ವಸಂತದಲ್ಲೇ ಎಲೆ, ಹೂವು ಮುಗಿಸಿಬಿಡುತ್ತದೆ. ಬೀಚ್ ಸಸಿಗಳು ಮಾತ್ರ ಆ ನೆರಳಿನಲ್ಲೇ ವರ್ಷಗಟ್ಟಲೆ ಕಾಯುತ್ತವೆ. ದೊಡ್ಡ ಮರ ಬಿದ್ದು ಬೆಳಕು ಬಂದಾಗ ಮೇಲೇರುತ್ತವೆ.

2018 ಮತ್ತು 2019ರ ಬರದಲ್ಲಿ ಇಲ್ಲಿಯ ಅನೇಕ ಬೀಚ್‌ಗಳ ತುದಿ ಒಣಗಿತು. ಅದರ ತೆಳು ತೊಗಟೆ ಒಮ್ಮೆಲೇ ಬೀಳುವ ಬಿಸಿಲನ್ನು ತಾಳುವುದಿಲ್ಲ. ಒಣಗಿದವನ್ನು ಕಡಿದು ಸಾಗಿಸಬೇಕೆನ್ನುವವರಿದ್ದಾರೆ. ದಾರಿ ಪಕ್ಕದ್ದನ್ನು ತೆಗೆಯಲಿ. ಒಳಗಿನದ್ದನ್ನು ಮುಟ್ಟಬಾರದು ಎಂದೇ ನಾನು ಹೇಳುತ್ತೇನೆ. ಮುಂದಿನವರು ಅದೇ ಗುರುತಿನ ಜಾಗಗಳಿಗೆ ಹೋಗಿ ಅಳೆಯುವಾಗ ಆ ಮರಗಳು ಅಲ್ಲೇ ಇರಬೇಕು.