ನಾನು ಮುರಿದ ಟ್ರೈಸೆರಟಾಪ್ಸ್ ಕೊಂಬು

ಅಮೆರಿಕದ ಮೊಂಟಾನಾದಲ್ಲಿ ಹೆಲ್ ಕ್ರೀಕ್ ಅಂತ ಬೋಳು ದಿಬ್ಬಗಳ ಜಾಗವಿದೆ. ಅಲ್ಲಿ ಎರಡು ವಾರ ಅಗೆಯುವ ತಂಡಕ್ಕೆ ಸೇರಿದಾಗ ನನಗಿದ್ದದ್ದು ಒಂದೇ ಆಸೆ, ಮೂರು ಕೊಂಬಿನ ಡೈನೋಸಾರ್ ಟ್ರೈಸೆರಟಾಪ್ಸ್‌ನ ಕೊಂಬನ್ನು ನಾನೇ ಹೊರಗೆ ತೆಗೆಯಬೇಕು.

ಸುಮಾರು 6.6 ಕೋಟಿ ವರ್ಷ ಹಳೆಯ ಆ ಮಣ್ಣಲ್ಲಿ ಈ ಪ್ರಾಣಿ ಅಪರೂಪವೇನಲ್ಲ. ಇಳಿಜಾರಿನ ಕೆಳಗೆ ಮೂಳೆ ಚೂರು ಕಂಡರೆ ಅದರ ಜಾಡು ಹಿಡಿದು ಮೇಲೆ ಹತ್ತಬೇಕು, ಅಷ್ಟೆ. ಕಲ್ಲೋ ಮೂಳೆಯೋ ಗೊತ್ತಾಗದಿದ್ದರೆ ನಾಲಿಗೆಗೆ ತಾಗಿಸಿ ನೋಡು ಅಂದರು. ಮೂಳೆಯಲ್ಲಿ ಸಣ್ಣ ಸಣ್ಣ ತೂತುಗಳಿರುವುದರಿಂದ ಅದು ನಾಲಿಗೆಗೆ ಅಂಟುತ್ತದೆ. ಮೊದಲ ದಿನ ನಾಚಿಕೆ, ಮೂರನೇ ದಿನ ಸಿಕ್ಕಿದ್ದನ್ನೆಲ್ಲ ನೆಕ್ಕುತ್ತಿದ್ದೆ. ನಮಗೆ ಮೊದಲು ಸಿಕ್ಕಿದ್ದು ಕತ್ತಿನ ಮೇಲಿನ ಗುರಾಣಿಯ ಚೂರುಗಳು. ಅವುಗಳ ಮೇಲೆ ರಕ್ತನಾಳ ಹಾದುಹೋದ ಗೆರೆಗಳಿರುತ್ತವೆ, ಒಮ್ಮೆ ನೋಡಿದರೆ ಮರೆಯಲ್ಲ.

ಐದನೇ ದಿನ ಹುಬ್ಬಿನ ಕೊಂಬು ಕಂಡಿತು. ಇಲ್ಲೇ ನಾನು ಕೆಟ್ಟಿದ್ದು. ಒಂದಿಷ್ಟು ಮೂಳೆ ಕಂಡ ತಕ್ಷಣ ನಿಲ್ಲಿಸಿ, ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಅಂಟನ್ನು ಬಿರುಕುಗಳಿಗೆ ಹನಿಸಿ, ಅದು ಒಣಗುವ ತನಕ ಸುಮ್ನೆ ಕೂರಬೇಕು. ನಾನು ಕೂರಲಿಲ್ಲ. ತುದಿ ನೋಡುವ ಆತುರಕ್ಕೆ ದಬ್ಬಳದಲ್ಲಿ ಕೆರೆಯುತ್ತಲೇ ಹೋದೆ, ಬಿಸಿಲಿಗೆ ಮೂಳೆ ಬಿರಿಯಿತು, ತುದಿ ನಾಲ್ಕು ಚೂರಾಗಿ ಕೈಗೇ ಬಂತು. ತಂಡದ ಹಿರಿಯರು ಬೈಯಲಿಲ್ಲ. ಚೂರುಗಳಿಗೆ ನಂಬರ್ ಹಾಕು, ಫಾಯಿಲ್‌ನಲ್ಲಿ ಸುತ್ತು ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆವತ್ತು ರಾತ್ರಿ ಅವರೇ ಮಾರ್ಷ್ ಕಥೆ ಹೇಳಿದರು. 1887ರಲ್ಲಿ ಡೆನ್ವರ್ ಹತ್ತಿರ ಸಿಕ್ಕ ಇಂಥದ್ದೇ ಕೊಂಬುಗಳನ್ನು ಯೇಲ್ ವಿಶ್ವವಿದ್ಯಾಲಯದ ಪಳೆಯುಳಿಕೆ ತಜ್ಞ ಓ. ಸಿ. ಮಾರ್ಷ್ ದೊಡ್ಡ ಕಾಡೆಮ್ಮೆಯದ್ದು ಅಂತ ಹೆಸರಿಟ್ಟುಬಿಟ್ಟಿದ್ದರು. ಆಮೇಲೆ ವಯೋಮಿಂಗ್‌ನಿಂದ ಅವರ ಪರವಾಗಿ ಪಳೆಯುಳಿಕೆ ಹುಡುಕುತ್ತಿದ್ದ ಜಾನ್ ಬೆಲ್ ಹ್ಯಾಚರ್ ಅಂಥದ್ದೇ ಕೊಂಬಿದ್ದ ತಲೆಬುರುಡೆ ತಂದುಕೊಟ್ಟರು, 1889ರಲ್ಲಿ ಟ್ರೈಸೆರಟಾಪ್ಸ್ ಅನ್ನೋ ಹೆಸರು ಬಂತು. ತಪ್ಪು ತೀರಾ ದಡ್ಡತನದ್ದಲ್ಲ ಬಿಡಿ. ನಮಗೆ ಸಿಗುವುದು ಒಳಗಿನ ಮೂಳೆ ಮಾತ್ರ, ಹಸುವಿನ ಕೊಂಬಿನಂತೆ ಮೇಲಿದ್ದ ಕವಚ ಸಾಮಾನ್ಯವಾಗಿ ಉಳಿಯುವುದಿಲ್ಲ.

ಮರುದಿನದಿಂದ ಬರೀ ಪ್ಲಾಸ್ಟರ್ ಕೆಲಸ. ಮೂಳೆಯ ಸುತ್ತ ಹಳ್ಳ ತೋಡಿ, ಅಡಿಯಲ್ಲೂ ಕೊರೆದು, ಅಣಬೆ ಥರ ನಿಲ್ಲಿಸಿದೆವು. ಪ್ಲಾಸ್ಟರ್ ಮೂಳೆಗೆ ಅಂಟದಿರಲಿ ಅಂತ ಮೊದಲು ಒದ್ದೆ ಟಿಶ್ಯೂ, ಅದರ ಮೇಲೆ ದೋಸೆ ಹಿಟ್ಟಿನ ಹದದ ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿತಾಟಿನ ಪಟ್ಟಿಗಳು. ಸುತ್ತಲಿನ ಮಣ್ಣನ್ನು ಪೂರ್ತಿ ಬಿಡಿಸಬಾರದು, ಅದೇ ಮೂಳೆಗೆ ಆಸರೆ. ಒಣಗಿದ ಮೇಲೆ ನಾಲ್ವರು ಉಸಿರು ಬಿಗಿಹಿಡಿದು ಮಗುಚಿದೆವು. ಸಂಜೆ ಮಳೆ ಬಂತು, ಅಲ್ಲಿನ ಜೇಡಿ ನಮ್ಮ ಎರೆ ಮಣ್ಣಿಗಿಂತ ಕೆಟ್ಟದ್ದು, ಗಾಡಿ ಬೆಳಗಿನವರೆಗೆ ಕದಲಲಿಲ್ಲ.

ಚಳಿಗಾಲದಲ್ಲಿ ಲ್ಯಾಬ್‌ಗೆ ಹೋಗಿ ತುದಿ ಜೋಡಿಸಿದ್ದೂ ನಾನೇ. ಮೂರು ಚೂರು ಕೂತವು. ನಾಲ್ಕನೆಯದು, ಉಗುರಿನಷ್ಟಿದೆ, ಎಲ್ಲಿಯದೋ ಇನ್ನೂ ತಿಳಿದಿಲ್ಲ, ಡಬ್ಬಿಯಲ್ಲೇ ಇದೆ.