ಹಲ್ಲಿನ ಆಸ್ಪತ್ರೆಯಲ್ಲಿ ಎಚ್‌ಪಿವಿ ಲಸಿಕೆಯ ಮಾತು: ದಂತವೈದ್ಯರು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ ಕೂಡಿ ಮಾಡುವ ಬಗೆ

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಾಣುವಿನ ಸೋಂಕನ್ನು ತಡೆಯುವ ಲಸಿಕೆಗೆ ಅತ್ಯಂತ ಸೂಕ್ತವಾದ ವಯಸ್ಸು 9ರಿಂದ 14. ಈ ವಯಸ್ಸಿನ ಆರೋಗ್ಯವಂತ ಮಕ್ಕಳು, 10ನೇ ವರ್ಷದ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆಯನ್ನು ಬಿಟ್ಟರೆ, ಜ್ವರವೋ ಕೆಮ್ಮೋ ಬಾರದ ಹೊರತು ವೈದ್ಯರ ಬಳಿ ಹೋಗುವುದೇ ಅಪರೂಪ. ಆದರೆ ಹಾಲುಹಲ್ಲುಗಳು ಬಿದ್ದು ಮುಗಿಯುವುದು, 12ರ ಸುಮಾರಿಗೆ ಎರಡನೆಯ ಶಾಶ್ವತ ದವಡೆಹಲ್ಲು ಹುಟ್ಟುವುದು, ವಕ್ರ ಹಲ್ಲಿಗೆ ಕ್ಲಿಪ್ ಹಾಕಿಸುವುದು, ಎಲ್ಲವೂ ಇದೇ ವರ್ಷಗಳಲ್ಲಿ. ಕ್ಲಿಪ್ ಹಾಕಿಸಿಕೊಂಡ ಮಗು ಒಂದೂವರೆ ಎರಡು ವರ್ಷ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ, ತಂದೆ ಅಥವಾ ತಾಯಿಯೊಂದಿಗೆ ದಂತವೈದ್ಯರಲ್ಲಿಗೆ ಬರುತ್ತದೆ. ಲಸಿಕೆಯ ವಿಷಯವನ್ನು ಸಾವಧಾನವಾಗಿ ಮಾತನಾಡಲು ಇಷ್ಟು ಅವಕಾಶ ಬೇರೆ ವೈದ್ಯರಿಗೆ ಸಿಗುವುದು ಕಷ್ಟ.

ಈ ವೈರಾಣು ಗರ್ಭಕಂಠದ ಕ್ಯಾನ್ಸರಿಗೆ ಮಾತ್ರವಲ್ಲದೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿಗೂ ಕಾರಣವಾಗುವುದರಿಂದ ದಂತವೈದ್ಯರಿಗೆ ಇದು ಹೊರಗಿನ ವಿಷಯವಲ್ಲ. ಅಮೆರಿಕದ ದಂತವೈದ್ಯರ ಸಂಘ 2018ರಲ್ಲೇ ಈ ಲಸಿಕೆಯನ್ನು ಬೆಂಬಲಿಸುವ ನಿಲುವು ತಳೆಯಿತು. 2019ರಲ್ಲಿ ಆರೆಗಾನ್ ರಾಜ್ಯ ದಂತವೈದ್ಯರೇ ಲಸಿಕೆ ಹಾಕಲು ಕಾನೂನಿನ ಅನುಮತಿ ಕೊಟ್ಟಿತು. ನಮ್ಮಲ್ಲಿ ಅವರು ಸೂಜಿ ಹಿಡಿಯಬೇಕಾಗಿಲ್ಲ. ಕೇಳುವುದು, ತಿಳಿಸುವುದು, ಸರಿಯಾದ ಕಡೆಗೆ ಕಳುಹಿಸಿ ಕೆಲಸ ಮುಗಿದಿದೆಯೇ ಎಂದು ನೋಡುವುದು, ಇಷ್ಟು ಮಾಡಿದರೂ ಬಹಳವಾಯಿತು. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಪತ್ತೆಯಾಗಿ, 80 ಸಾವಿರದಷ್ಟು ಮಂದಿ ತೀರಿಕೊಂಡರು. ತಡೆಯಬಹುದಾದ ಕಾಯಿಲೆಯಿಂದ ಇಷ್ಟು ಸಾವುಗಳಾಗುವುದನ್ನು ಒಪ್ಪಿಕೊಳ್ಳಲಾಗದು.

ಪೋಷಕರೊಡನೆ ಮಾತಿಗೆ ಇಳಿಯುವ ಮೊದಲು ದಂತವೈದ್ಯರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೋ ಮಕ್ಕಳ ತಜ್ಞರನ್ನೋ ಒಮ್ಮೆ ಮುಖತಃ ಕಾಣಬೇಕು. ಲಸಿಕೆ ಯಾವ ದಿನ, ಎಲ್ಲಿ ಸಿಗುತ್ತದೆ, ಯಾವ ವಯಸ್ಸಿನವರಿಗೆ ಉಚಿತ, ಖಾಸಗಿಯಲ್ಲಾದರೆ ಎಷ್ಟು ಖರ್ಚು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಡೋಸುಗಳ ವಿಷಯದಲ್ಲಂತೂ ಇಬ್ಬರ ಬಾಯಲ್ಲೂ ಒಂದೇ ಮಾತು ಬರಬೇಕು. 9ರಿಂದ 14ರವರಿಗೆ ಆರು ತಿಂಗಳ ಅಂತರದಲ್ಲಿ ಎರಡು, 15 ತುಂಬಿದವರಿಗೆ ಮೂರು ಡೋಸ್ ಎಂಬುದು ನಮ್ಮ ವೈದ್ಯರಲ್ಲಿ ರೂಢಿಯಲ್ಲಿರುವ ಕ್ರಮ. 9ರಿಂದ 20ರ ವಯಸ್ಸಿನವರಿಗೆ ಒಂದೇ ಡೋಸನ್ನೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ದಂತವೈದ್ಯರು ಒಂದು ಲೆಕ್ಕ, ಆರೋಗ್ಯ ಕೇಂದ್ರದವರು ಇನ್ನೊಂದು ಲೆಕ್ಕ ಹೇಳಿದರೆ ಪೋಷಕರು ಇಬ್ಬರನ್ನೂ ನಂಬದೆ ಮನೆಗೆ ಮರಳುತ್ತಾರೆ.

ಮುಂದಿನ ಕೆಲಸ ಕೇಸ್ ಶೀಟಿನಲ್ಲಿ ಒಂದು ಸಾಲು ಸೇರಿಸುವುದು: ‘ಎಚ್‌ಪಿವಿ ಲಸಿಕೆ ಹಾಕಿಸಿದೆಯೇ, ಯಾವಾಗ?’ ಅಲರ್ಜಿ, ಹಳೆಯ ಕಾಯಿಲೆಗಳನ್ನು ಕೇಳುವಾಗಲೇ ಸಹಾಯಕಿ ಇದನ್ನೂ ಕೇಳಿ ಬರೆದುಕೊಳ್ಳಲಿ. ಮಗು ಬಾಯಿ ತೆರೆದು ಮಲಗಿರುವಾಗ ಈ ಮಾತು ಬೇಡ. ಚಿಕಿತ್ಸೆ ಮುಗಿದು, ಮುಂದಿನ ದಿನಾಂಕ ಬರೆಯುವ ಹೊತ್ತು ಸರಿಯಾದದ್ದು. ‘ಅಮ್ಮಾ, ಮಗಳಿಗೆ ಹನ್ನೆರಡು ತುಂಬಿದೆ. ಗರ್ಭಕಂಠದ ಕ್ಯಾನ್ಸರ್ ಬರದ ಹಾಗೆ ತಡೆಯೋ ಲಸಿಕೆ ಈ ವಯಸ್ಸಿಗೇ ಹಾಕಿಸ್ಬೇಕು. ಗುರುವಾರ ಆರೋಗ್ಯ ಕೇಂದ್ರದಲ್ಲಿ ಹಾಕ್ತಾರೆ, ನಾನು ಚೀಟಿ ಕೊಡ್ತೀನಿ’ ಎಂದು ನೇರವಾಗಿ ಹೇಳಿದರೆ ಸಾಕು. ‘ಬೇಕಿದ್ದರೆ ಯೋಚಿಸಿ ನೋಡಿ’ ಎಂದು ತೇಲಿಸಿಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ.

‘ಇಷ್ಟು ಚಿಕ್ಕವಳಿಗೆ ಯಾಕೆ ಡಾಕ್ಟ್ರೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವೈರಾಣುವಿನ ಸಂಪರ್ಕಕ್ಕೆ ಬರುವ ಮೊದಲೇ ಹಾಕಿದರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಈ ವಯಸ್ಸಿನ ದೇಹ ಹೆಚ್ಚು ಬಲವಾದ ರಕ್ಷಣೆಯನ್ನು ಬೆಳೆಸಿಕೊಳ್ಳುತ್ತದೆ ಎಂಬುದೇ ಅದಕ್ಕೆ ಉತ್ತರ. ಮುಂದೆ ಮಕ್ಕಳಾಗುವುದಕ್ಕೆ ಇದರಿಂದ ತೊಂದರೆಯಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಕೆಲವರು ಹಳೆಯ ಸುದ್ದಿಯನ್ನು ಎತ್ತುತ್ತಾರೆ: 2009ರಲ್ಲಿ ಆಂಧ್ರಪ್ರದೇಶ ಮತ್ತು ಗುಜರಾತಿನಲ್ಲಿ ಆರಂಭವಾದ ಲಸಿಕಾ ಯೋಜನೆ ಕೆಲವು ಬಾಲಕಿಯರ ಸಾವಿನ ಬಳಿಕ 2010ರಲ್ಲಿ ನಿಂತಿತು. ತನಿಖೆಯಲ್ಲಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಂಡುಬರಲಿಲ್ಲ. ಆದರೆ ಪೋಷಕರ ಒಪ್ಪಿಗೆ ಪಡೆದ ರೀತಿಯಲ್ಲಿ ಲೋಪಗಳು ಹೊರಬಂದವು. ಎರಡನ್ನೂ ಮುಚ್ಚಿಡದೆ ಹೇಳಬೇಕು, ಒಪ್ಪಿಗೆಯನ್ನು ಯಾವತ್ತೂ ಅವಸರದಲ್ಲಿ ಪಡೆಯಬಾರದು. ಅಂತೆಯೇ ಲಸಿಕೆಯನ್ನು ಅತಿಯಾಗಿ ಹೊಗಳುವುದೂ ಸಲ್ಲದು. ನಮ್ಮಲ್ಲಿ ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣ ತಂಬಾಕು, ಗುಟ್ಕಾ, ಅಡಿಕೆ. ಅವನ್ನು ಬಿಡದೆ ಲಸಿಕೆಯೊಂದನ್ನೇ ನಂಬುವಂತಿಲ್ಲವೆಂದು ಹೇಳಲು ದಂತವೈದ್ಯರಿಗಿಂತ ಅರ್ಹರು ಇಲ್ಲ.

ಚೀಟಿಯಲ್ಲಿ ಮಗುವಿನ ಹೆಸರು, ವಯಸ್ಸು, ಅಲರ್ಜಿಯ ವಿವರ, ಹೋಗಬೇಕಾದ ಜಾಗ, ವಾರ ಇರಲಿ. ಪೋಷಕರು ಒಪ್ಪಿದರೆ ಫೋನ್ ಸಂಖ್ಯೆಯೂ ಇರಲಿ. ಯೀಸ್ಟಿಗೆ ತೀವ್ರ ಅಲರ್ಜಿ ಇದ್ದವರ ಚೀಟಿಯಲ್ಲಿ ಅದನ್ನು ಎದ್ದು ಕಾಣುವಂತೆ ಬರೆಯಬೇಕು. ಕೆಳಗಿನ ಅರ್ಧದಲ್ಲಿ ಆರೋಗ್ಯ ಕೇಂದ್ರದವರು ಲಸಿಕೆ ಹಾಕಿದ ದಿನ ಮತ್ತು ಮುಂದಿನ ಡೋಸಿನ ದಿನವನ್ನು ತುಂಬಿ ಮಗುವಿನ ಕೈಯಲ್ಲೇ ಹಿಂದಿರುಗಿಸಲಿ. ಕ್ಲಿಪ್ ಬಿಗಿ ಮಾಡಿಸಲು ಬರುವ ಮಗುವಿನ ಅಪಾಯಿಂಟ್‌ಮೆಂಟ್ ಕಾರ್ಡಿನಲ್ಲಿ ಆ ದಿನವನ್ನು ಕೆಂಪು ಶಾಯಿಯಲ್ಲಿ ಬರೆದರೆ ಎರಡನೆಯ ಡೋಸ್ ತಪ್ಪುವುದು ಕಡಿಮೆಯಾಗುತ್ತದೆ. ಚುಚ್ಚುಮದ್ದಿನ ನಂತರ ಕೆಲವು ಮಕ್ಕಳಿಗೆ ತಲೆಸುತ್ತು ಬರುವುದುಂಟು. ಹದಿನೈದು ನಿಮಿಷ ಕುಳಿತಿರಬೇಕೆಂದು ಮೊದಲೇ ತಿಳಿಸಿದ್ದರೆ ಗಾಬರಿಯಾಗುವುದಿಲ್ಲ.

ಸಹಕಾರ ಎರಡು ಕಡೆಯಿಂದಲೂ ಸಾಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗಳಲ್ಲಿ ಹುಳುಕು ಹಲ್ಲನ್ನೂ ಗುರುತಿಸುತ್ತದೆ. ಆ ಮಕ್ಕಳನ್ನು ದಂತವೈದ್ಯರಲ್ಲಿಗೆ ಕಳುಹಿಸುವಾಗ ಲಸಿಕೆ ಆಗಿದೆಯೇ ಇಲ್ಲವೇ ಎಂಬುದನ್ನೂ ಬರೆದು ಕಳುಹಿಸಬಹುದು. ಜೊತೆಗೆ ಬಂದ ತಾಯಿಗೆ 30 ದಾಟಿದ್ದರೆ ಗರ್ಭಕಂಠದ ತಪಾಸಣೆಗೂ ಅದೇ ಚೀಟಿಯಲ್ಲಿ ಒಂದು ಸಾಲು ಸೇರಿಸಬೇಕು. ತಿಂಗಳ ಕೊನೆಯಲ್ಲಿ ಸಹಾಯಕಿ, ಕೊಟ್ಟ ಚೀಟಿಗಳನ್ನೂ ಮರಳಿ ಬಂದ ಅರ್ಧಗಳನ್ನೂ ತಾಳೆ ನೋಡಿ, ಬಾರದೆ ಉಳಿದವರಲ್ಲಿ ವಿವರ ಹಂಚಿಕೊಳ್ಳಲು ಒಪ್ಪಿಗೆ ಕೊಟ್ಟವರ ಪಟ್ಟಿಯನ್ನು ಆಯಾ ಊರಿನ ಆಶಾ ಕಾರ್ಯಕರ್ತೆಗೆ ತಲುಪಿಸಲಿ.