ಗುಡ್ಡ ಹತ್ತೋಕೆ ಮೊದಲ ಕತ್ತಿ: ಯಾವ್ದು ತಗೋಬೇಕು, ಹೆಂಗೆ ಬೀಸಬೇಕು

ಕತ್ತೀನ ಎಲ್ಲಿಗೆ ತಗೊಂಡು ಹೋಗಬಾರದು ಅನ್ನೋದನ್ನ ಮೊದ್ಲೇ ಹೇಳಿಬಿಡ್ತೀನಿ. ಕುಮಾರಪರ್ವತ ಇರೋ ಪುಷ್ಪಗಿರಿ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇಂಥ ಜಾಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಲಿಖಿತ ಅನುಮತಿ ಇಲ್ದೆ ಯಾವ ಆಯುಧನೂ ಒಯ್ಯೋ ಹಾಗಿಲ್ಲ. ಅಲ್ಲಿ ಕತ್ತಿಯ ಅಗತ್ಯಾನೂ ಇಲ್ಲ ಬಿಡಿ, ದಾರಿ ಸವೆದು ಬಿದ್ದಿರುತ್ತೆ. ಕತ್ತಿ ಬೇಕಾಗೋದು ನಿಮ್ಮದೇ ತೋಟದ ಹಿಂದಿನ ಗುಡ್ಡಕ್ಕೆ, ಪರಿಚಯದವರ ಎಸ್ಟೇಟ್ ಮೇಲಿನ ಕಾಲುದಾರಿಗೆ, ಮಳೆಗಾಲ ಮುಗಿಯೋ ಹೊತ್ತಿಗೆ ಲಂಟಾನ, ಕಮ್ಯುನಿಸ್ಟ್ ಗಿಡ ಅನ್ನೋ ಕಳೆಗಳೆಲ್ಲಾ ಸೇರಿ ದಾರೀನೇ ನುಂಗಿ ಹಾಕಿರುತ್ತಲ್ಲ, ಅಂಥ ಕಡೆಗೆ. ಅದೂ ಜಾಗದ ಯಜಮಾನರನ್ನ ಕೇಳಿಕೊಂಡು.

ಈಗ ಯಾವ್ದು ತಗೋಬೇಕು ಅಂತ. ಆನ್‌ಲೈನಲ್ಲಿ 18 ಇಂಚಿನ ಬ್ರೆಜಿಲ್ ಮಚೆಟೆ ಸಿಗುತ್ತೆ, ತೆಳ್ಳಗೆ ಉದ್ದಕ್ಕೆ ಇರುತ್ತೆ, ಬಯಲಲ್ಲಿ ಹುಲ್ಲು, ಕಬ್ಬು ಸವರೋಕೆ ಅದು ಚೆನ್ನಾಗೇ ಇದೆ, ಆದ್ರೆ ಏರುದಾರೀಲಿ ಪಕ್ಕದಲ್ಲಿ ಬಂಡೆ, ತಲೆ ಮೇಲೆ ಕೊಂಬೆ, ಕಾಲಡಿ ಜಾರೋ ಮಣ್ಣು, ಅಷ್ಟು ಉದ್ದದ್ದನ್ನ ಬೀಸೋಕೆ ಜಾಗ ಎಲ್ಲಿರುತ್ತೆ? ಮೊದಲ ಕತ್ತಿಗೆ ಅಲಗು 10ರಿಂದ 12 ಇಂಚು, ತೂಕ ಅರ್ಧ ಕೆಜಿ ಆಸುಪಾಸು ಸಾಕು. ನನ್ನ ಕೇಳಿದ್ರೆ ತೀರ್ಥಹಳ್ಳಿ, ಸಾಗರ, ಶಿರಸಿ, ಸಕಲೇಶಪುರ ಕಡೆ ಹೋದಾಗ ಕುಲುಮೆ ಇಟ್ಕೊಂಡಿರೋ ಆಚಾರ್ರ ಹತ್ರಾನೇ ಮಾಡಿಸಿಕೊಳ್ಳಿ. ಲಾರಿ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ ಕತ್ತಿ ವರ್ಷಗಟ್ಟಲೆ ಬಾಳುತ್ತೆ. ಮಲೆನಾಡು ಕತ್ತಿಯ ತುದಿ ಒಳಕ್ಕೆ ಬಾಗಿರೋದು ಸುಮ್ನೆ ಅಲ್ಲ, ನೆಲಕ್ಕೆ ಹತ್ರ ಕಡಿಯುವಾಗ ಬಾಯಿ, ಅಂದ್ರೆ ಹರಿತದ ಅಂಚು, ಕಲ್ಲಿಗೆ ಬಡಿಯೋದು ಕಮ್ಮಿ, ಮುಳ್ಳುಬಳ್ಳಿನ ಕೈ ಹಾಕದೇ ಎಳ್ಕೊಬಹುದು. ಒಂದೇ ಎಚ್ಚರ, ಎಳೆಯುವಾಗ ಅಲಗು ನಿಮ್ಮ ಕಡೆಗೇ ಬರುತ್ತೆ, ಮೊಣಕಾಲು ಆ ನೇರದಲ್ಲಿ ಇರಬಾರದು.

ಅಂಗಡೀಲಿ ನಿಂತು ನೋಡೋದು ಹೀಗೆ. ಬೆನ್ನಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಅಲಗು ಪಕ್ಕಕ್ಕೆ ತಿರುಚಿಕೊಂಡಿದ್ರೆ ಗೊತ್ತಾಗುತ್ತೆ. ಹಿಡಿನ ಬಿಗಿಯಾಗಿ ಹಿಡಿದು ಅಲಗಿನ ಬೆನ್ನನ್ನ ಮರದ ದಿಮ್ಮಿಗೆ ಎರಡು ಸಲ ಬಡೀರಿ, ಹಿಡಿಯೊಳಗೆ ಚೂರು ಅಲ್ಲಾಡಿದ್ರೂ ಬೇಡ ಅನ್ನಿ, ಯಾಕಂದ್ರೆ ಹಿಡಿ ಕಳಚಿ ಅಲಗು ಹಾರೋದಕ್ಕಿಂತ ಅಪಾಯ ಇನ್ನೊಂದಿಲ್ಲ. ಆಚಾರ್ರನ್ನೇ ಕೇಳಿ ಬಾಯಿ ಮೇಲೆ ಒಂದ್ಸಲ ಅರ ಆಡಿಸಿ: ಬೆಣ್ಣೆ ಥರ ಕೊರೆದ್ರೆ ಹದ ಕಮ್ಮಿ, ಪೂರ್ತಿ ಜಾರಿಹೋದ್ರೆ ವಿಪರೀತ ಗಟ್ಟಿ, ಕಲ್ಲಿಗೆ ತಗುಲಿದ್ರೆ ಚಕ್ಕೆ ಏಳಬಹುದು. ಕಷ್ಟಪಟ್ಟು ಸ್ವಲ್ಪ ಕಚ್ಚಬೇಕು, ಅದು ಸರಿಯಾದ ಹದ.

ಬಸ್ಸಲ್ಲಿ ಬೈಕಲ್ಲಿ ತರುವಾಗ ಗೋಣಿ ಸುತ್ತಿ ಬ್ಯಾಗ್ ಒಳಗೆ ಇಡಿ, ಬಿಲ್ ಇದ್ರೆ ಜೊತೆಗಿರಲಿ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಶಸ್ತ್ರಾಸ್ತ್ರ ನಿಯಮದೊಳಗೆ ಬರುತ್ತೆ, ಮನೆಬಳಕೆ, ಕೃಷಿ ಕೆಲಸಕ್ಕೆ ಅಂತ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ತೋಟದ ಕತ್ತಿ ಕೃಷಿ ಸಾಮಾನೇ, ಆದ್ರೂ ಪೇಟೇಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ್ರೆ ಪೊಲೀಸರು ನಿಲ್ಲಿಸೇ ನಿಲ್ಲಿಸ್ತಾರೆ.

ಬೀಸೋದರಲ್ಲಿ ಶಕ್ತಿಗಿಂತ ಕೋನ ಮುಖ್ಯ. ಕಾಂಡಕ್ಕೆ ಅಡ್ಡಕ್ಕೆ ಹೊಡೆದ್ರೆ ಗಿಡ ಬಾಗುತ್ತೆ, ಕತ್ತರಿಸಲ್ಲ. ಓರೆಯಾಗಿ, ಮೇಲಿಂದ ಕೆಳಕ್ಕೆ, ಮೈಯಿಂದ ಆಚೆ ಹೋಗೋ ಹಾಗೆ ಹೊಡೀರಿ, ಹೊಡೆಯೋ ಮುಂಚೆ ಏಟು ತಪ್ಪಿದ್ರೆ ಅಲಗು ಎಲ್ಲಿ ಹೋಗಿ ನಿಲ್ಲುತ್ತೆ ಅಂತ ನೋಡ್ಕೊಳ್ಳಿ, ಆ ಜಾಗದಲ್ಲಿ ನಿಮ್ಮ ಕಾಲಿದ್ರೆ ನಿಂತಿರೋದೇ ತಪ್ಪು ಭಂಗಿ. ಓರೆಯಾಗಿ ಕಡಿದ ಲಂಟಾನ ಬುಡ ಈಟಿ ಥರ ನಿಂತಿರುತ್ತೆ, ಹಿಂದೆ ಬರೋರು ಎಡವಿ ಅದರ ಮೇಲೇ ಬೀಳಬಹುದು, ಅದಕ್ಕೇ ಆದಷ್ಟು ನೆಲದ ಮಟ್ಟಕ್ಕೆ ಕಡೀರಿ. ಬಾಗಿ ಸಿಕ್ಕಿಹಾಕೊಂಡಿರೋ ಬಿದಿರು ಮುಟ್ಟಲೇಬೇಡಿ, ಕಡಿದ ಕೂಡ್ಲೇ ಚಿಮ್ಮಿ ಮುಖಕ್ಕೆ ಬರುತ್ತೆ. ಪೊದೆಗೆ ಮೊದಲು ಉದ್ದನೆ ಕೋಲು ಆಡಿಸಿ, ಎಲೆ ಮರೇಲಿ ಕಣಜದ ಗೂಡಿರಬಹುದು, ಮಳೆಗಾಲದಲ್ಲಿ ಗುಳಿಮಂಡಲ ಹಾವು ಕೊಂಬೆ ಮೇಲೇ ಅಲ್ಲಾಡದೆ ಕೂತಿರುತ್ತೆ. ಜೊತೆಗಿರೋರು ಕನಿಷ್ಠ 10 ಅಡಿ ಹಿಂದೆ ಇರಲಿ. ಕೈಗೆ ದಾರ ಕಟ್ಕೊಳ್ಳೋದು ಹೊಸಬರಿಗೆ ಬೇಡ, ಹಿಡಿ ಜಾರಿದ್ರೆ ಕತ್ತಿ ದೂರ ಬೀಳೋ ಬದಲು ತಿರುಗಿ ಮಣಿಕಟ್ಟಿಗೇ ಬರುತ್ತೆ. ತೋಳು ಸೋತಿದೆ ಅನ್ನಿಸಿದ್ರೆ ಅಲ್ಲಿಗೇ ನಿಲ್ಲಿಸಿ, ಕೈ ಬದಲಿಸೋ ಸಾಹಸ ಬೇಡ.

ನಡೆಯುವಾಗ ಕತ್ತಿ ಒರೆಯಲ್ಲಿರಬೇಕು. ತೋಟದ ಕೆಲಸದವರು ಸೊಂಟದ ಹಿಂದೆ ಮರದ ಕೊಕ್ಕೆಗೆ ಸಿಕ್ಕಿಸ್ಕೊಂಡು ಸಲೀಸಾಗಿ ಓಡಾಡ್ತಾರೆ, ಆ ಅಭ್ಯಾಸ ಇಲ್ಲದವರು ಜಾರಿ ಬಿದ್ರೆ ಗತಿ ಏನು, ಅದಕ್ಕೇ ಮುಚ್ಚಿರೋ ಚರ್ಮದ ಒರೆನೇ ತಗೊಳ್ಳಿ. ಅಕಸ್ಮಾತ್ ಕೈಯಲ್ಲೇ ಹಿಡ್ಕೊಂಡು ಎರಡು ಹೆಜ್ಜೆ ಇಡಬೇಕಾದ್ರೆ ಇಳಿಜಾರಿನ ಕಡೆ ಕೈಯಲ್ಲಿ ಹಿಡೀರಿ, ಜಾರಿದ್ರೆ ಆಚೆ ಎಸೆಯೋಕಾಗುತ್ತೆ. ಬ್ಯಾಗಲ್ಲಿ ದಪ್ಪ ಹತ್ತಿ ಬಟ್ಟೆ ಇರಲೇಬೇಕು. ಗಾಯ ಆದ್ರೆ ಅದನ್ನ ಒತ್ತಿ ಹಿಡಿದು 10 ನಿಮಿಷ ಬಿಡಬೇಡಿ, ನಿಂತಿದ್ಯಾ ಅಂತ ಪದೇ ಪದೇ ತೆಗೆದು ನೋಡಿದ್ರೆ ಹೆಪ್ಪುಗಟ್ಟಿದ ರಕ್ತ ಮತ್ತೆ ಕಿತ್ತು ಬರುತ್ತೆ. ರಕ್ತ ನಿಲ್ತಿಲ್ಲ ಅಂದ್ರೆ ಒತ್ತಿ ಹಿಡಿದಿರೋರು ಬಿಡದೆ ಹಿಡಿದಿರಲಿ, ಇನ್ನೊಬ್ರು ನೆಟ್‌ವರ್ಕ್ ಸಿಗೋ ಕಡೆ ಹೋಗಿ 108ಕ್ಕೆ ಫೋನ್ ಮಾಡಲಿ.

ಮನೆಗೆ ಬಂದ್ಮೇಲೆ ಸೊನೆ ತೊಳೆದು ಒಣಗಿಸಿ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಇಡಿ, ಮಲೆನಾಡ ತೇವಕ್ಕೆ ಒಂದೇ ರಾತ್ರೀಲಿ ತುಕ್ಕು ಹಿಡಿಯುತ್ತೆ. ಚರ್ಮದ ಒರೆಯೊಳಗೇ ಬಿಡಬೇಡಿ, ಚರ್ಮ ನೀರು ಹಿಡ್ಕೊಂಡಿರುತ್ತೆ. ಮಸೆಯೋಕೆ ಸಾಮಾನ್ಯ ಮಸೆಗಲ್ಲು, ನೀರು ಸಾಕು, ಎರಡೂ ಕಡೆ ಸಮನಾಗಿ ಉಜ್ಜಿ. ಕರೆಂಟ್ ಗ್ರೈಂಡರ್‌ಗೆ ಕೊಟ್ರೆ ಅಲಗು ಕಾದು ನೀಲಿಗಟ್ಟಿ ಆಚಾರ್ರು ಕೊಟ್ಟ ಹದ ಹಾಳಾಗುತ್ತೆ, ಆಮೇಲೆ ಎಷ್ಟು ಮಸೆದ್ರೂ ಬಾಯಿ ನಿಲ್ಲಲ್ಲ.